ನಿಮಗಿದು ಗೊತ್ತೆ? ಮೊದಲು ಸೇರುವ ಸೀಸದ ಪೆಟ್ಟೇ ಜೋರು

ಮಗುವಿನ ರಕ್ತಕ್ಕೆ ಸೇರುವ ಸೀಸದಲ್ಲಿ ಬುದ್ಧಿಗೆ ಹೆಚ್ಚು ಪೆಟ್ಟು ಕೊಡುವುದು ಮೊದಲ ಕೆಲವೇ ಮೈಕ್ರೊಗ್ರಾಂ! ಹಲವು ದೇಶಗಳ 1,333 ಮಕ್ಕಳ ಮಾಹಿತಿಯನ್ನು ಒಟ್ಟುಗೂಡಿಸಿದ 2005ರ ವಿಶ್ಲೇಷಣೆಯಲ್ಲಿ ಇದು ಕಂಡುಬಂತು. ಒಂದು ಡೆಸಿಲೀಟರ್ ರಕ್ತದಲ್ಲಿ ಸೀಸ 2.4ರಿಂದ 10 ಮೈಕ್ರೊಗ್ರಾಂಗೆ ಏರಿದರೆ ಐಕ್ಯೂ ಸುಮಾರು 3.9 ಅಂಕ ಕಡಿಮೆ. 10ರಿಂದ 20ಕ್ಕೆ ಏರಿದರೆ ಇಳಿಕೆ 1.9 ಅಂಕ ಮಾತ್ರ. ಹಾಗಾಗಿ ‘ಸ್ವಲ್ಪ ಇದ್ದರೆ ಪರವಾಗಿಲ್ಲ’ ಎನ್ನುವ ಮಾತು ನಿಲ್ಲುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಸುರಕ್ಷಿತ ಮಟ್ಟ ಎಂಬುದೇ ತಿಳಿದಿಲ್ಲ ಎನ್ನುತ್ತದೆ.

ಬುದ್ಧಿ ವಂಶವಾಹಿಯಿಂದ ಬರುತ್ತದೆ, ಬಡತನದಿಂದ ಕುಂದುತ್ತದೆ, ಸೀಸವನ್ನೇಕೆ ದೂರಬೇಕು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಆ ವಿಶ್ಲೇಷಣೆ ತಾಯಿಯ ಐಕ್ಯೂ, ಮನೆಯ ವಾತಾವರಣ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಂಡಿತ್ತು. ಕೋತಿಮರಿಗಳಿಗೆ ಸೀಸ ಉಣಿಸಿದ ಪ್ರಯೋಗಗಳಲ್ಲಂತೂ ಬಡತನದ ಮಾತೇ ಇಲ್ಲ; ಅಲ್ಲೂ ಕಲಿಕೆ ಕುಂದಿತು. ವಂಶವಾಹಿಯ ಪಾತ್ರ ಬೇರೆ ಕಡೆ ಇದೆ. ರಕ್ತದ ಹೀಮ್ ತಯಾರಿಕೆಗೆ ಬೇಕಾದ ‘ಎಎಲ್‌ಎಡಿ’ ಕಿಣ್ವದ ಒಂದು ರೂಪ ಸೀಸವನ್ನು ಇನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಸೀಸ ಬೆರೆತ ಒಂದೇ ಧೂಳಿನಲ್ಲಿ ಆಡಿದ ಇಬ್ಬರು ಮಕ್ಕಳ ರಕ್ತದಲ್ಲಿ ಸೀಸದ ಮಟ್ಟ ಬೇರೆಬೇರೆ ಆಗಲು ಇದೂ ಒಂದು ಕಾರಣ. ಆದರೆ ಹೊರಗಿನಿಂದ ಸೀಸ ಬರದಿದ್ದರೆ ಆ ಕಿಣ್ವ ಹಿಡಿದುಕೊಳ್ಳುವುದಾದರೂ ಏನನ್ನು? ವಯಸ್ಸೂ ಮುಖ್ಯ: ನುಂಗಿದ ಸೀಸದ ಅರ್ಧದಷ್ಟನ್ನು ಎಳೆಯ ಮಗು ಹೀರಿಕೊಳ್ಳಬಲ್ಲದು, ದೊಡ್ಡವರು ಸುಮಾರು ಹತ್ತರಲ್ಲೊಂದು ಪಾಲು. ಕಬ್ಬಿಣಾಂಶ ಕಡಿಮೆಯಿರುವ ಮಕ್ಕಳಲ್ಲಿ ಈ ಹೀರುವಿಕೆ ಇನ್ನೂ ಹೆಚ್ಚು.