ಶಿಶುಭಾಷೆಯ ವ್ಯಾಕರಣ ಮತ್ತು ಜಾನಪದ ಸಂಗ್ರಹ: ‘-ಇಸು’ ಪ್ರತ್ಯಯದ ನಿದರ್ಶನ

ಶಾಲಾಪೂರ್ವ ವಯಸ್ಸಿನ ಮಗುವಿನ ಮಾತು ದೊಡ್ಡವರ ಮಾತಿನ ಅಪೂರ್ಣ ಅನುಕರಣೆ ಎಂಬ ತಿಳಿವಳಿಕೆ ವ್ಯಾಪಕವಾಗಿದೆ. ಅಮೆರಿಕದ ಜೀನ್ ಬರ್ಕೊ ಅವರು 1958ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಗ್ಲಿಷ್ ಮಾತನಾಡುವ ಮಕ್ಕಳು ಹಿಂದೆಂದೂ ಕೇಳಿರದ ಕಲ್ಪಿತ ಪದಗಳಿಗೂ ಬಹುವಚನ, ಭೂತಕಾಲದ ರೂಪಗಳನ್ನು ಕಟ್ಟಿದರು. ಕೇಳಿರದ ರೂಪವನ್ನು ಅನುಕರಿಸುವುದು ಸಾಧ್ಯವಿಲ್ಲ. ಮಗು ನಿಯಮವನ್ನೇ ಗ್ರಹಿಸಿರುತ್ತದೆ.

ಈ ದೃಷ್ಟಿಯಿಂದ ಕನ್ನಡದ ಪ್ರೇರಣಾರ್ಥಕ ರೂಪಗಳು ಗಮನಾರ್ಹವಾಗಿವೆ. ‘ಏರು’ ಧಾತುವಿಗೆ ‘-ಇಸು’ ಸೇರಿ ‘ಏರಿಸು’ ಆಗುತ್ತದೆ. ಜೆಫ್ರಿ ಲಿಡ್ಜ್, ಹೆನ್ರಿ ಗ್ಲೀಟ್‌ಮನ್ ಮತ್ತು ಲೀಲಾ ಗ್ಲೀಟ್‌ಮನ್ ಅವರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರು ವರ್ಷದ ಕನ್ನಡ ಮಕ್ಕಳಿಗೆ ವಾಕ್ಯಗಳನ್ನು ಹೇಳಿ, ಅವುಗಳ ಅರ್ಥವನ್ನು ಆಟಿಕೆಗಳ ಮೂಲಕ ಅಭಿನಯಿಸಲು ಸೂಚಿಸಲಾಯಿತು. ವಾಕ್ಯದಲ್ಲಿ ಎರಡು ನಾಮಪದಗಳಿದ್ದಾಗ, ಪ್ರತ್ಯಯವಿರಲಿ ಇಲ್ಲದಿರಲಿ, ಮಕ್ಕಳು ಪ್ರೇರಣೆಯ ಅರ್ಥವನ್ನು ಹೆಚ್ಚಾಗಿ ಗ್ರಹಿಸಿದರು. ಅವರು ಆಧರಿಸಿದ್ದು ನಾಮಪದಗಳ ಸಂಖ್ಯೆಯನ್ನೇ ಹೊರತು ‘-ಇಸು’ವನ್ನಲ್ಲ.

ಮಗುವಿನ ಪರಿಸರವನ್ನು ನೆನೆದರೆ ಈ ಫಲಿತಾಂಶ ಇನ್ನಷ್ಟು ಮಹತ್ವದ್ದಾಗುತ್ತದೆ. ಉಣಿಸು, ಮಲಗಿಸು, ಆಡಿಸು, ನಗಿಸು, ಕುಣಿಸು: ಶಿಶುಪಾಲನೆಯ ಕ್ರಿಯಾಪದಗಳಲ್ಲಿ ಬಹಳಷ್ಟು ಪ್ರೇರಣಾರ್ಥಕಗಳೇ. ತಾಯಿ, ಅಜ್ಜಿಯರ ಮಾತಿನಲ್ಲಿ ಇವು ದಿನನಿತ್ಯ ಮಗುವಿನ ಕಿವಿಗೆ ಬೀಳುತ್ತವೆ. ಆದರೂ ವಾಕ್ಯದ ಅರ್ಥ ನಿರ್ಧರಿಸುವಾಗ ಮಗು ಮೊದಲು ಈ ಪ್ರತ್ಯಯವನ್ನು ಅವಲಂಬಿಸುವುದಿಲ್ಲ. ಕೇಳುವುದೇ ಬೇರೆ, ಕೇಳಿದ್ದನ್ನು ನಿಯಮವಾಗಿ ಬಳಸುವುದೇ ಬೇರೆ. ಹೀಗಾಗಿ ಜೋಗುಳ, ಶಿಶುಪ್ರಾಸಗಳು ಭಾಷೆಯನ್ನು ಕಲಿಸುತ್ತವೆ ಎಂಬ ಹೇಳಿಕೆಯನ್ನು ಎಚ್ಚರದಿಂದ ಬಳಸಬೇಕಾಗುತ್ತದೆ. ಅವು ಭಾಷಾರೂಪಗಳನ್ನು ಒದಗಿಸುತ್ತವೆ ಎಂಬುದು ನಿಜ. ಮಗು ಅವುಗಳಿಂದ ಏನನ್ನು ಪಡೆಯಿತೆಂಬುದನ್ನು ಹಾಡಿನ ಪಠ್ಯವೊಂದರಿಂದಲೇ ತಿಳಿಯಲಾಗದು. ಅದಕ್ಕೆ ಮಗುವಿನ ಸ್ವಂತ ಮಾತೇ ಆಧಾರ.

ಇಲ್ಲಿಯೇ ಜಾನಪದ ಸಂಗ್ರಾಹಕರ ಹೊಣೆ ಅಡಗಿದೆ. ಕತೆಯನ್ನು ಮರಳಿ ಹೇಳುವ ಮಗು ‘ಗೊಂಬೇನ ಮಲಗಿಸಿದಳು’ ಎನ್ನುವಲ್ಲಿ ‘ಗೊಂಬೇನ ಮಲಗಿದಳು’ ಎಂದಿತೆನ್ನೋಣ. ನಾಮಪದಗಳ ಸಂಬಂಧವನ್ನು ಅರಿತಿದ್ದರೂ ಪ್ರತ್ಯಯವನ್ನು ಇನ್ನೂ ಬಳಕೆಗೆ ತಂದುಕೊಳ್ಳದ ಹಂತವನ್ನು ಈ ವಾಕ್ಯ ಸೂಚಿಸಬಹುದು. ಬರಹಕ್ಕಿಳಿಸುವಾಗ ಅದನ್ನು ತಿದ್ದಿದರೆ ಕತೆ ಉಳಿಯುತ್ತದೆ, ಸಾಕ್ಷ್ಯ ಅಳಿಯುತ್ತದೆ. ಮಗುವಿನ ವಯಸ್ಸನ್ನು ವರ್ಷ, ತಿಂಗಳುಗಳಲ್ಲಿ ನಮೂದಿಸುವುದು, ನುಡಿದ ರೂಪವನ್ನು ಯಥಾವತ್ತಾಗಿ ದಾಖಲಿಸುವುದು, ಮನೆಯ ಹಿರಿಯರ ಆಡುನುಡಿಯನ್ನೂ ಜೊತೆಗೆ ಸಂಗ್ರಹಿಸುವುದು ಅಗತ್ಯ. ಹಿರಿಯರ ಮಾತು ದಾಖಲಾಗದಿದ್ದರೆ ಪ್ರಾದೇಶಿಕ ರೂಪವನ್ನು ಶಿಶುದೋಷವೆಂದೂ ಶಿಶುರೂಪವನ್ನು ಪ್ರಾದೇಶಿಕವೆಂದೂ ತಪ್ಪಾಗಿ ಗ್ರಹಿಸುವ ಸಂಭವವಿದೆ. ‘ತಪ್ಪು’ ಎಂದು ಕೈಬಿಟ್ಟ ರೂಪಗಳನ್ನೂ ಉಳಿಸಿಕೊಂಡ ಸಂಗ್ರಹಗಳು ಮಾತ್ರ ಶಿಶುಭಾಷೆಯ ಅಧ್ಯಯನಕ್ಕೆ ಆಕರಗಳಾಗಬಲ್ಲವು.