ಮೂರನೆಯ ತಂತಿ

ಹೊಯ್ಸಳರ ಕಾಲದ ಎರಡು ದೇಗುಲಗಳಿರುವ ಹಾರನಹಳ್ಳಿಯಂಥ ಊರುಗಳ ಜಾತ್ರೆಯಲ್ಲಿ, ಒಂದು ಕಾಲಕ್ಕೆ ಹಾಡಿಗೆ ಮುಂಚೆ ಕೇಳಿಬರುತ್ತಿದ್ದುದು ಧ್ವನಿವರ್ಧಕದ ‘ಗುಂಯ್’ ಎಂಬ ಸದ್ದು. ಅದರ ತವರು ಮೈಕ್‌ಸೆಟ್ಟಿನವನ ವಾಲ್ವ್ ಪೆಟ್ಟಿಗೆ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೋ ವಾಲ್ವುಗಳನ್ನು ತಯಾರಿಸತೊಡಗಿತು. ಮುಂದೆ ಟ್ರಾನ್ಸಿಸ್ಟರು ಬಂದು ವಾಲ್ವನ್ನು ಅಟ್ಟಕ್ಕೇರಿಸಿತು. ಆ ಪೆಟ್ಟಿಗೆಯನ್ನು ಕೆಳಗಿಳಿಸಿ, ಗಿಟಾರಿಗೆಂದು ಮತ್ತೆ ಜೀವ ತುಂಬಹೊರಡುವವರು ಇಂದಿಗೂ ಉಂಟು. ವಾಲ್ವಿನ ನಾದಮಾಧುರ್ಯದ ಮೋಹ ಅಂಥದು.

ಆದರೆ ಪೆಟ್ಟಿಗೆಯೊಳಗೆ ಕೈಯಿಡುವ ಮುನ್ನ ಒಂದು ಎಚ್ಚರ ಬೇಕು. ಅಲ್ಲಿ 300–400 ವೋಲ್ಟುಗಳ ಸಂಚಾರವಿದೆ; ಪ್ಲಗ್ ಕಿತ್ತ ಮೇಲೂ ಕಂಡೆನ್ಸರುಗಳಲ್ಲಿ ಅದು ಅಡಗಿ ಕುಳಿತಿರುತ್ತದೆ. ರೆಸಿಸ್ಟರಿನ ಮೂಲಕ ಅದನ್ನು ಬರಿದುಮಾಡಿ, ಮೀಟರಿನಿಂದ ಪರೀಕ್ಷಿಸಿಯೇ ಮುಂದಿನ ಕೆಲಸ. ಹಳೆಯ ಕಂಡೆನ್ಸರು ಒಣಗಿದ್ದರೆ ಅದನ್ನು ಬದಲಿಸಬೇಕು. ವಾಲ್ವಿನ ತಂತುವನ್ನು ಕಾಯಿಸುವ ಜೋಡಿ ತಂತಿಗಳನ್ನು ಹಗ್ಗ ಹೊಸೆದಂತೆ ಹೊಸೆದು, ಷಾಸಿಯ ಮೂಲೆಗೆ ಒತ್ತಿ ಒಯ್ಯಬೇಕು.

ಇಷ್ಟಾದರೂ ಗುಂಯ್‌ಗುಟ್ಟುವಿಕೆ ನಿಲ್ಲದಿದ್ದರೆ, ತಪ್ಪಿರುವುದು ಅರ್ಥ್ ತಂತಿಗಳನ್ನು ಜೋಡಿಸಿದ ಬಗೆಯಲ್ಲಿ. ಕೈಗೆ ಸಿಕ್ಕ ಕಡೆಯಲ್ಲೆಲ್ಲ ಷಾಸಿಗೆ ಬೆಸುಗೆ ಹಾಕಿದರೆ, ಕೊನೆಯ ವಾಲ್ವಿನ ಭಾರಿ ಪ್ರವಾಹವೂ ಗಿಟಾರಿನಿಂದ ಬಂದ ಮಿಲಿವೋಲ್ಟುಗಳ ಸೂಕ್ಷ್ಮ ಸಂಕೇತವೂ ಒಂದೇ ದಾರಿಯಲ್ಲಿ ಹಿಂದಿರುಗುತ್ತವೆ. ಬಚ್ಚಲ ನೀರು, ಕುಡಿಯುವ ನೀರು ಒಂದೇ ಕಾಲುವೆಯಲ್ಲಿ ಹರಿದಂತೆ! ಆ ಕೊಳೆಯನ್ನು ಮೊದಲ ವಾಲ್ವು ನಿಷ್ಠೆಯಿಂದ ಹಿಗ್ಗಿಸುತ್ತದೆ. ಆದ್ದರಿಂದ ಟ್ರಾನ್ಸ್‌ಫಾರ್ಮರಿನ ನಡು ತಂತಿಯನ್ನು ಮೊದಲ ಫಿಲ್ಟರ್ ಕಂಡೆನ್ಸರಿನ ಕಾಲಿಗೇ ತಂದು, ಪ್ರತಿಯೊಂದು ಹಂತದ ತಂತಿಗಳನ್ನೂ ಬೇರೆಬೇರೆಯಾಗಿ ಕಟ್ಟಿ, ಷಾಸಿಯನ್ನು ಒಂದೇ ಕಡೆ, ಗಿಟಾರಿನ ಸಾಕೆಟ್ಟಿನ ಬಳಿ ಮುಟ್ಟಿಸುವುದು ಉತ್ತಮ ಕ್ರಮ.

ಮುಖ್ಯ ವಿದ್ಯುತ್ತಿನ ಹಸಿರು ತಂತಿಯ ಮಾತೇ ಬೇರೆ. ಅದಕ್ಕೆ ತನ್ನದೇ ಆದ ಬೋಲ್ಟು ಇರಬೇಕು. ಹಳೆಯ ಪೆಟ್ಟಿಗೆಗಳಲ್ಲಿ ಅನೇಕಕ್ಕೆ ಎರಡೇ ತಂತಿಯ ಬಳ್ಳಿ. ಕೆಲವಕ್ಕೆ ಮುಖ್ಯ ವಿದ್ಯುತ್ತಿನಿಂದ ಷಾಸಿಗೆ ಒಂದು ಕಂಡೆನ್ಸರು. ಅದು ಕೆಟ್ಟು ಒಳಗೇ ಕೂಡಿಕೊಂಡರೆ ಷಾಸಿಯೇ 230 ವೋಲ್ಟಿಗೇರಬಹುದು, ಷಾಸಿಗೆ ಸೇರಿದ ಗಿಟಾರಿನ ಉಕ್ಕಿನ ತಂತಿಗಳೂ ಅದರೊಡನೆ. ಮೂರನೆಯ ತಂತಿಯಿದ್ದರೆ ಪ್ರವಾಹ ನೆಲಕ್ಕೆ ಧುಮುಕಿ ಫ್ಯೂಸು ಸುಡುತ್ತದೆ. ಇಲ್ಲದಿದ್ದರೆ ನುಡಿಸುವವನ ಮೈಯೇ ದಾರಿ. 1972ರ ಮೇ 3ರಂದು ವೇಲ್ಸಿನ ಸ್ವಾನ್ಸೀ ನಗರದಲ್ಲಿ ಗಿಟಾರ್ ವಾದಕ ಲೆಸ್ ಹಾರ್ವೆ, ಅರ್ಥ್ ಇಲ್ಲದ ಮೈಕನ್ನು ಮುಟ್ಟಿ ವೇದಿಕೆಯ ಮೇಲೆಯೇ ಮಡಿದನು. ಅವನಿಗಾಗ ಇಪ್ಪತ್ತೇಳು ವರ್ಷ.

ಎರಡು ಪೆಟ್ಟಿಗೆಗಳನ್ನು ಜೋಡಿಸಿದಾಗ ಅರ್ಥ್ ತಂತಿಗಳು ಸುತ್ತುಗಟ್ಟಿ ಸದ್ದೇಳುವುದುಂಟು. ಪ್ಲಗ್ಗಿನ ದಪ್ಪ ಕಡ್ಡಿಯನ್ನು ಕತ್ತರಿಸಿದರೆ ಸದ್ದು ನಿಲ್ಲುತ್ತದೆ, ನಿಜ. ಈ ‘ಚಿಕಿತ್ಸೆ’ಗೆ ಕೈಹಾಕುವ ಜಾಣರಿಗೆ ಕತ್ತರಿಯನ್ನೇ ಕೊಡಬಾರದು. ಸಂಕೇತದ ದಾರಿಯಲ್ಲಿ ಒಂದು ಸಣ್ಣ ಟ್ರಾನ್ಸ್‌ಫಾರ್ಮರನ್ನಿಟ್ಟರೆ ಸದ್ದೂ ನಿಲ್ಲುತ್ತದೆ, ಜೀವವೂ ಉಳಿಯುತ್ತದೆ.

ಇನ್ನು, ಗೋಡೆಯ ಸಾಕೆಟ್ಟಿನ ಮೂರನೆಯ ತೂತಿನ ಹಿಂದೆ ತಂತಿ ನಿಜವಾಗಿ ಇದೆಯೆ? ಇದ್ದರೂ ಅದು ಸೇರುವ ಗುಂಡಿಯ ಮಣ್ಣಿನಲ್ಲಿ ತೇವ ಉಳಿದಿದೆಯೆ? ಅರಸೀಕೆರೆಯ ಕಡೆಯ ಬೇಸಗೆಯಲ್ಲಿ ಇದ್ದಿಲು, ಉಪ್ಪು ಎಷ್ಟು ತುಂಬಿದ್ದರೂ ನೆಲ ಒಣಗುತ್ತದೆ. ಹಾಡು ಮೊದಲಾಗುವ ಮುನ್ನ ಅಲ್ಲಿಗೆ ಎರಡು ಕೊಡ ನೀರು ಹುಯ್ದು ಬರಬೇಕು.