ಐ-35 ಬಿಟ್ಟು 95ರ ದಾರಿ ಹಿಡಿದರೆ: ಟೆಕ್ಸಾಸ್‌ನ ಸಣ್ಣ ಊರುಗಳಲ್ಲಿ ಕ್ಯಾಮೆರಾ ಸುತ್ತಾಟ

ಡಲ್ಲಾಸ್‌ನಲ್ಲಿ ಮಲ್ಲಿಗೆ ಕನ್ನಡ ಸಂಘ, ಹ್ಯೂಸ್ಟನ್‌ನಲ್ಲಿ ಕನ್ನಡ ವೃಂದ, ಆಸ್ಟಿನ್‌ನಲ್ಲಿ ಕನ್ನಡ ಸಂಘ. ಯುಗಾದಿ, ರಾಜ್ಯೋತ್ಸವ, ಗೆಳೆಯರ ಮನೆಯ ಗೃಹಪ್ರವೇಶ ಎಂದು ಟೆಕ್ಸಾಸ್ ಕನ್ನಡಿಗರು ಈ ಮೂರು ಊರುಗಳ ನಡುವೆ ಓಡಾಡುತ್ತಲೇ ಇರುತ್ತಾರೆ. ಡಲ್ಲಾಸ್‌ನಿಂದ ಆಸ್ಟಿನ್‌ಗೆ ಸುಮಾರು 195 ಮೈಲಿ, ಆಸ್ಟಿನ್‌ನಿಂದ ಹ್ಯೂಸ್ಟನ್‌ಗೆ 165, ಹ್ಯೂಸ್ಟನ್‌ನಿಂದ ಡಲ್ಲಾಸ್‌ಗೆ 240. ದೊಡ್ಡ ಹೈವೇ ಹಿಡಿದರೆ ಮೂರು-ನಾಲ್ಕು ಗಂಟೆಯಲ್ಲಿ ತಲುಪಿಬಿಡಬಹುದು. ಆದರೆ ದಾರಿಯಲ್ಲಿ ಕಂಡದ್ದೇನು ಎಂದು ಕೇಳಿದರೆ ಗ್ಯಾಸ್ ಸ್ಟೇಷನ್, ಬರ್ಗರ್ ಅಂಗಡಿ ಬಿಟ್ಟು ಬೇರೇನೂ ನೆನಪಾಗುವುದಿಲ್ಲ.

ವಾರಾಂತ್ಯದಲ್ಲಿ ಕ್ಯಾಮೆರಾ ಹಿಡಿದು ಹೊರಡುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇದೆ. ಡಲ್ಲಾಸ್‌ನಿಂದ ದಕ್ಷಿಣಕ್ಕೆ ಬಂದು ಟೆಂಪಲ್ ಬಳಿ ಐ-35 ಬಿಟ್ಟು ರಾಜ್ಯ ಹೆದ್ದಾರಿ 95 ಹಿಡಿಯಬೇಕು. ಬಾರ್ಟ್ಲೆಟ್, ಗ್ರೇಂಜರ್, ಟೇಲರ್ ದಾಟಿ ಎಲ್ಗಿನ್ ತಲುಪಿದರೆ ಅಲ್ಲಿ ಹೈವೇ 290 ಸಿಗುತ್ತದೆ. ಬಲಕ್ಕೆ ತಿರುಗಿದರೆ ಆಸ್ಟಿನ್, ಎಡಕ್ಕೆ ತಿರುಗಿದರೆ ಹ್ಯೂಸ್ಟನ್. ಸಮಯ ಸ್ವಲ್ಪ ಹೆಚ್ಚು ಹಿಡಿಯುತ್ತದೆ, ಅಷ್ಟೇ.

ಇಟ್ಟಿಗೆ ಬೀದಿಯ ಬಾರ್ಟ್ಲೆಟ್

ಬಾರ್ಟ್ಲೆಟ್ ಎರಡು ಕೌಂಟಿಗಳ ಗಡಿಯ ಮೇಲಿರುವ ಪುಟ್ಟ ಊರು. 1882ರಲ್ಲಿ ರೈಲು ಬಂತು, ಸುತ್ತಲಿನ ಕಪ್ಪು ಮಣ್ಣಿನಲ್ಲಿ ಹತ್ತಿ ಬೆಳೆಯಿತು, ಪೇಟೆ ಎದ್ದಿತು. ಹೈವೇಯಿಂದ ಒಂದು ತಿರುವು ತೆಗೆದುಕೊಂಡರೆ ಸಾಕು, ಇಟ್ಟಿಗೆ ಹಾಸಿದ ಬೀದಿ, ಅದರ ಎರಡೂ ಕಡೆ ನೂರು ವರ್ಷ ದಾಟಿದ ಇಟ್ಟಿಗೆ ಕಟ್ಟಡಗಳು. ಹಳೆಯ ಕಾಲದ ಪೇಟೆ ಬೇಕಾದಾಗ ಸಿನಿಮಾದವರೂ ಇಲ್ಲಿಗೆ ಬಂದದ್ದುಂಟು. ಈಗ ಹಲವು ಅಂಗಡಿಗಳ ಬಾಗಿಲು ಮುಚ್ಚಿದೆ.

ಈ ಊರಿಗೆ ಇನ್ನೊಂದು ಹೆಮ್ಮೆ ಇದೆ. ರೈತರ ಮನೆಗಳಿಗೆ ಕರೆಂಟು ಕೊಡಲು ಅಮೆರಿಕ ಸರ್ಕಾರ 1930ರ ದಶಕದಲ್ಲಿ ಸಾಲ ಯೋಜನೆ ತಂದಾಗ, ಅದರಡಿ ಮೊಟ್ಟಮೊದಲ ಸಾಲಿನಲ್ಲಿ ದೀಪ ಹೊತ್ತಿದ್ದು 1936ರಲ್ಲಿ, ಇಲ್ಲಿನ ಸುತ್ತಮುತ್ತಲ ಹೊಲಮನೆಗಳಲ್ಲಿ. ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪ ಉರಿದದ್ದು 1905ರಲ್ಲಿ. ಅಮೆರಿಕದ ಹಳ್ಳಿ ಎಂದರೆ ಎಲ್ಲದರಲ್ಲೂ ಮುಂದು ಎಂದುಕೊಂಡವರು ಇದನ್ನು ಗಮನಿಸಬೇಕು.

ಚೆಕ್ ಭಾಷೆಯ ಗ್ರೇಂಜರ್, ಚಿಪ್ಪಿನ ಟೇಲರ್

ಮುಂದಿನ ಊರು ಗ್ರೇಂಜರ್. ಹತ್ತಿ ಬೆಳೆಯಲು ಚೆಕ್ ವಲಸಿಗರು ಬಂದು ನೆಲೆಸಿದ ಸೀಮೆ ಇದು. ಅವರ ಚರ್ಚ್ ಇಂದಿಗೂ ದೂರದಿಂದಲೇ ಕಾಣುತ್ತದೆ. ದಶಕಗಳ ಕಾಲ ಈ ಊರಿನಿಂದ 'ನಾಶಿನೆಟ್ಸ್' ಎಂಬ ಚೆಕ್ ಭಾಷೆಯ ಪತ್ರಿಕೆ ಹೊರಡುತ್ತಿತ್ತು. ಈಗ ಅದು ನಿಂತಿದೆ. ಹಣ್ಣಿನ ಹೂರಣದ ಕೊಲಾಚಿ ತಿನಿಸು ಟೆಕ್ಸಾಸ್ ತುಂಬ ಸಿಗುತ್ತದೆ, ಮನೆಯಲ್ಲಿ ಚೆಕ್ ಮಾತಾಡುವವರು ಸಿಗುವುದು ಕಷ್ಟ. ಮಕ್ಕಳಿಗೆ ಭಾನುವಾರದ ಕನ್ನಡ ಕಲಿ ತರಗತಿ ನಡೆಸುವ ನಮ್ಮವರಿಗೆ ಈ ಮಾತು ನಾಟದೆ ಇರದು. ತಿಂಡಿ ಉಳಿಸಿಕೊಳ್ಳುವುದು ಸುಲಭ, ನುಡಿ ಉಳಿಸಿಕೊಳ್ಳುವುದು ಸುಲಭವಲ್ಲ.

ಟೇಲರ್ ಕಥೆಯೇ ಬೇರೆ. ಹತ್ತಿ ಮತ್ತು ರೈಲಿನಿಂದ ಬೆಳೆದ ಈ ಊರಿನಲ್ಲಿ 1,700 ಕೋಟಿ ಡಾಲರ್ ವೆಚ್ಚದ ಚಿಪ್ ಕಾರ್ಖಾನೆ ಕಟ್ಟುವುದಾಗಿ ಸ್ಯಾಮ್‌ಸಂಗ್ 2021ರ ನವೆಂಬರ್‌ನಲ್ಲಿ ಪ್ರಕಟಿಸಿತು. ಬಾರ್ಟ್ಲೆಟ್‌ನಲ್ಲಿ ಹಳತು ಕುಸಿಯುವ ಮುನ್ನ ಫೋಟೊ ತೆಗೆಯಬೇಕು, ಟೇಲರ್‌ನಲ್ಲಿ ಹೊಸತು ಏಳುವ ಮುನ್ನ. ಎಲ್ಗಿನ್ ಇಟ್ಟಿಗೆಗೂ ಸಾಸೇಜಿಗೂ ಹೆಸರುವಾಸಿ. ಅಲ್ಲಿನ ಸೌತ್‌ಸೈಡ್ ಮಾರ್ಕೆಟ್ 1882ರಿಂದ ನಡೆಯುತ್ತಿದೆ. ಸಸ್ಯಾಹಾರಿಗಳು ಚಪಾತಿ, ಚಿತ್ರಾನ್ನದ ಬುತ್ತಿ ಕಟ್ಟಿಕೊಂಡು ಹೊರಡುವುದೇ ಕ್ಷೇಮ.

ಊರು ಬಡವಾದದ್ದು ಏಕೆ?

ರೈಲು ನಿಲ್ಲುವಲ್ಲಿ ಪೇಟೆ, ಪೇಟೆಯಲ್ಲಿ ಹತ್ತಿ ಗಿರಣಿ, ಗಿರಣಿಯ ಸುತ್ತ ಬ್ಯಾಂಕು, ಅಂಗಡಿ, ಸಿನಿಮಾ ಮಂದಿರ. ಹೀಗೆ ಬೆಳೆದವು ಈ ಊರುಗಳು. ಹತ್ತಿ ಬಿಡಿಸಲು ಯಂತ್ರ ಬಂದಾಗ ಕೂಲಿಯವರು ಪಟ್ಟಣಕ್ಕೆ ಹೋದರು. 1956ರ ಕಾಯ್ದೆಯ ನಂತರ ಇಂಟರ್‌ಸ್ಟೇಟ್ ಹೆದ್ದಾರಿಗಳು ಬಂದು ವಾಹನಗಳೂ ಆ ಕಡೆ ಹೋದವು.

ನಮಗೆ ಇದು ಹೊಸದೇನಲ್ಲ. 2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ದಶಪಥ ಉದ್ಘಾಟನೆಯಾಯಿತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಬೈಪಾಸ್ ಬದಿಗೊತ್ತಿತು. ತಟ್ಟೆ ಇಡ್ಲಿ, ಗೊಂಬೆ, ಮದ್ದೂರು ವಡೆ ಮಾರುತ್ತಿದ್ದವರು ಗಿರಾಕಿಗಳಿಲ್ಲದೆ ಪರದಾಡಿದರು. ಟೆಕ್ಸಾಸ್‌ನ ಊರುಗಳು ಅರವತ್ತು ವರ್ಷಗಳಲ್ಲಿ ಕಂಡದ್ದನ್ನು ನಮ್ಮ ಹಳೇ ರಸ್ತೆ ಈಗ ಕಾಣಲು ಶುರುಮಾಡಿದೆ.

ರಸೆಲ್ ಲೀ ತೋರಿಸಿದ ದಾರಿ

ಈ ಕೆಲಸಕ್ಕೆ ದೊಡ್ಡ ಗುರು ರಸೆಲ್ ಲೀ. 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ಸರ್ಕಾರದ ಪರವಾಗಿ ಹಳ್ಳಿ ಹಳ್ಳಿ ಸುತ್ತಿ ಫೋಟೊ ತೆಗೆದ ಅವರು 1939ರಲ್ಲಿ ಪೂರ್ವ ಟೆಕ್ಸಾಸ್‌ನ ಸ್ಯಾನ್ ಅಗಸ್ಟೀನ್ ಪಟ್ಟಣವನ್ನು ವಿವರವಾಗಿ ದಾಖಲಿಸಿದರು. 1947ರಲ್ಲಿ ಆಸ್ಟಿನ್‌ನಲ್ಲಿ ನೆಲೆಸಿ, 1965ರಿಂದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಫೋಟೊಗ್ರಫಿ ಕಲಿಸಿದರು. ಅವರ ಸರ್ಕಾರಿ ಚಿತ್ರಗಳು ಲೈಬ್ರರಿ ಆಫ್ ಕಾಂಗ್ರೆಸ್‌ನ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಬರೀ ಕಟ್ಟಡವಲ್ಲ, ಅಂಗಡಿಯ ಕಪಾಟು, ಅಡುಗೆಮನೆ, ದುಡಿದ ಕೈಗಳು ಕೂಡ ಅವರ ವಸ್ತು. ಹೊರಡುವ ಮುನ್ನ ಒಂದು ಸಂಜೆ ಅವುಗಳನ್ನು ನೋಡಿದರೆ ಪಾಳುಗೋಡೆಯ ಮೇಲಿನ ಮೋಹ ತಾನಾಗಿ ಕಡಿಮೆಯಾಗುತ್ತದೆ.

ಹೊರಡುವವರಿಗೆ ಕೆಲವು ಮಾತು

ಬೆಳಗ್ಗೆ ಬೇಗ ಅಥವಾ ಇಳಿಹೊತ್ತಿನಲ್ಲಿ ಹೋಗಿ. ಮಧ್ಯಾಹ್ನದ ಟೆಕ್ಸಾಸ್ ಬಿಸಿಲಿನಲ್ಲಿ ಇಟ್ಟಿಗೆಯ ಬಣ್ಣವೇ ಸತ್ತುಹೋಗುತ್ತದೆ. ಗೋಡೆಯ ಮೇಲೆ ಮಾಸಿದ ಹಳೇ ಜಾಹೀರಾತು, ಊರ ಹೆಸರು ಬರೆದ ನೀರಿನ ಟ್ಯಾಂಕು ಬಿಡಬೇಡಿ.

ಬೇಲಿ ದಾಟಬೇಡಿ. ಕಂಬಕ್ಕೋ ಮರಕ್ಕೋ ನೇರಳೆ ಬಣ್ಣದ ಪಟ್ಟೆ ಬಳಿದಿದ್ದರೆ, ಬೋರ್ಡು ಇರಲಿ ಇಲ್ಲದಿರಲಿ, ಒಳಗೆ ಬರಕೂಡದು ಎಂದೇ ಟೆಕ್ಸಾಸ್ ಕಾನೂನಿನಲ್ಲಿ ಅರ್ಥ. ರೈಲು ಹಳಿಯ ಮೇಲೆ ಮಕ್ಕಳನ್ನು ನಿಲ್ಲಿಸಿ ಫೋಟೊ ತೆಗೆಯುವುದು ಅಪಾಯ ಮಾತ್ರವಲ್ಲ, ಅಪರಾಧವೂ ಹೌದು. ಮಾರ್ಚ್ ಕೊನೆಯಿಂದ ಏಪ್ರಿಲ್ ನಡುವಿನವರೆಗೆ 290ರ ಬ್ರೆನಮ್ ಸುತ್ತ ಬ್ಲೂಬಾನೆಟ್ ಹೂವು ಅರಳುತ್ತದೆ. ಹೂವಿನ ನಡುವೆ ಮಕ್ಕಳನ್ನು ಕೂರಿಸುವ ಮೊದಲು ಹಾವು, ಬೆಂಕಿ ಇರುವೆ ಇವೆಯೇ ಎಂದು ನೋಡಿ.

ಎಲ್ಲಕ್ಕಿಂತ ಮುಖ್ಯ, ಊರಿನವರೊಂದಿಗೆ ಮಾತಾಡಿ. ಕ್ಯಾಮೆರಾ ಹಿಡಿದ ಹೊಸಮುಖ ಕಂಡರೆ ಯಾರಾದರೂ ಟ್ರಕ್ ನಿಲ್ಲಿಸಿ ಏನು ಎತ್ತ ಎಂದು ವಿಚಾರಿಸುತ್ತಾರೆ. ಹಳೇ ಕಟ್ಟಡಗಳು ಚೆನ್ನಾಗಿವೆ ಎಂದರೆ, ಇಲ್ಲಿ ಮೊದಲು ಏನಿತ್ತು ಎಂಬ ಕಥೆ ಅವರಿಂದಲೇ ಶುರು. ಅದನ್ನು ದಿನಾಂಕದ ಸಮೇತ ಬರೆದಿಡಿ. ಅದಿಲ್ಲದ ಫೋಟೊ ಇಪ್ಪತ್ತು ವರ್ಷದ ನಂತರ ಯಾವುದೋ ಊರಿನ ಯಾವುದೋ ಗೋಡೆ.

ಡಿಸೆಂಬರ್ ರಜೆಗೆ ಊರಿಗೆ ಹೋದಾಗಲೂ ಒಂದು ದಿನ ಎಕ್ಸ್‌ಪ್ರೆಸ್‌ವೇ ಬಿಟ್ಟು ಹಳೇ ಮೈಸೂರು ರಸ್ತೆಯಲ್ಲಿ ಹೋಗಿ. ಗೊಂಬೆ ಅಂಗಡಿಯ ಮುಂದೆ ನಿಲ್ಲಿಸಿ, ಮಾಲೀಕರ ಹೆಸರು ಕೇಳಿ, ಒಪ್ಪಿದರೆ ಒಂದು ಫೋಟೊ ತೆಗೆಯಿರಿ. ಮಕ್ಕಳಿಗೆ ಒಂದು ಗೊಂಬೆಯನ್ನೂ ಕೊಳ್ಳಿ.